ಐದೂವರೆಗೆ ಬಾಗಿಲು ಬಡಿಯುವ ಗೆಳತಿ



ಹೋದ ತಿಂಗಳ ಭಿತ್ತಿ ಪತ್ರಿಕೆಯಲ್ಲಿ ನಾನು ಎರಡು ಒಗಟು ಬರೆದಿದ್ದೆ. ಈ ಸಲ ಪಿ.ಟಿ. ಸರ್ ಕರೆದು, "ನೀವು ನಾಲ್ಕು ಮಂದಿ ಹುಡುಗಿಯರು ಮುಂಜಾನೆ ರಸ್ತಾದ ಮ್ಯಾಲ ಓಡೋದು ಬಗದಲ್ ಊರಿಗೆಲ್ಲಾ ಗೊತ್ತದ. ಯಾಕ ಓಡ್ತೀರಿ, ಹ್ಯಾಂಗ ಬಿಡದಂಗ ಓಡ್ತೀರಿ ಅಂಬೋದು ಯಾರಿಗೂ ಗೊತ್ತಿಲ್ಲ. ಅದನ್ನ ಬರಿ" ಎಂದರು. ಆದ್ದರಿಂದ ಬರೆಯುತ್ತಿದ್ದೇನೆ. ಅಕ್ಷರ ಸಣ್ಣದಾಗಿದ್ದರೆ ಕ್ಷಮಿಸಿರಿ, ಎರಡೇ ಹಾಳೆ ಕೊಟ್ಟಿದ್ದಾರೆ.

ಜುಲೈ ತಿಂಗಳ ಒಂದು ಸೋಮವಾರ ಪ್ರಾರ್ಥನೆ ಸಾಲಿನಲ್ಲಿ ನಾನು ಬಿದ್ದದ್ದು ನಿಮ್ಮಲ್ಲಿ ಬಹಳ ಮಂದಿಗೆ ನೆನಪಿರಬಹುದು. ನಾಡಗೀತೆ ಮುಗಿಯುವುದರೊಳಗೆ ಕಣ್ಣಿಗೆ ಕತ್ತಲೆ ಬಂತು. ಕಣ್ಣು ತೆರೆದಾಗ ಆಫೀಸ್ ಕೋಣೆಯ ಬೆಂಚಿನ ಮೇಲೆ ಇದ್ದೆ. ಹೊರಗೆ ಯಾರೋ "ಆಕಿಗಿ ದೃಷ್ಟಿ ಆಗ್ಯಾದ" ಅನ್ನುತ್ತಿದ್ದರು. ಖರೇ ಏನು ಅಂದ್ರ, ಆ ದಿನ ನಾನು ಒಂದು ಕಪ್ ಚಹಾ ಕುಡಿದು ಬಂದಿದ್ದೆ, ಅಷ್ಟೇ. ಅದರ ಹಿಂದಿನ ದಿನವೂ ಅಷ್ಟೇ.

ಮರುದಿನ ಅವ್ವ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸಿಸ್ಟರ್ ಬೆರಳಿಗೆ ಚುಚ್ಚಿ ರಕ್ತ ನೋಡಿ 9.8 ಎಂದು ಚೀಟಿಯಲ್ಲಿ ಬರೆದರು. ಇದು ಹಿಮೋಗ್ಲೋಬಿನ್ ಲೆಕ್ಕ. ನಮ್ಮ ವಯಸ್ಸಿನ ಹುಡುಗಿಯರಿಗೆ ಅದು 12 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಹಿಮೋಗ್ಲೋಬಿನ್ ಅಂದ್ರ ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತೊಯ್ಯುವ ವಸ್ತು. ಅದನ್ನು ತಯಾರು ಮಾಡಲಿಕ್ಕೆ ಶರೀರಕ್ಕೆ ಕಬ್ಬಿಣದ ಅಂಶ ಬೇಕು. ಅದು ಕಡಿಮೆಯಾದರೆ ಮೆಟ್ಟಿಲು ಹತ್ತಿದರೆ ತೇಕು ಹತ್ತುತ್ತದೆ, ಪಾಠ ತಲೆಗೆ ಹೋಗುವುದಿಲ್ಲ, ಸುಮ್ಮನೆ ಮಲಗಬೇಕು ಅನಿಸುತ್ತದೆ. ನನ್ನನ್ನು ಮನೆಯಲ್ಲಿ ಎಲ್ಲರೂ ಸೋಮಾರಿ ಅನ್ನುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಇದು ನನ್ನೊಬ್ಬಳ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ಅಂದ್ರ ನಮ್ಮ ಬೆಂಚಿನಲ್ಲಿ ಐವರು ಕೂತರೆ ಮೂವರು.

ಸಿಸ್ಟರ್ ದಿನಕ್ಕೊಂದು ಕಬ್ಬಿಣದ ಗುಳಿಗೆ ಕೊಟ್ಟರು. "ಹೊಟ್ಟಿ ತುಂಬ ಉಣ್ಣು. ದಿನಾ ಅರ್ಧ ತಾಸು ನಡಿ. ಒಂದು ತಿಂಗಳು ಓಡಬ್ಯಾಡ, ಬರೇ ನಡಿ. ಆಮ್ಯಾಲ ನೋಡಮು" ಎಂದರು. ಕೇಳಲಿಕ್ಕೆ ಎಷ್ಟು ಸುಲಭ! ನಾನು ಮಾಡಿದ್ದು ಎಂಟು ದಿನ.

ಯಾಕೆ ಬಿಟ್ಟೆ ಎಂದು ಪ್ರಾಮಾಣಿಕವಾಗಿ ಬರೆಯುತ್ತೇನೆ. ಒಂದು, ಮುಂಜಾನೆ ಎಚ್ಚರವಾಗುತ್ತಿರಲಿಲ್ಲ. ಎಚ್ಚರವಾದರೂ ಹಾಸಿಗೆಯಲ್ಲಿಯೇ "ನಾಳಿಂದ" ಅಂದುಕೊಳ್ಳುತ್ತಿದ್ದೆ. ಆ ನಾಳೆಗೆ ಸಾಕ್ಷಿ ಯಾರೂ ಇರಲಿಲ್ಲ. ಎರಡನೆಯದು ಹುಡುಗರಿಗೆ ತಿಳಿಯದ ಮಾತು. ಮುಂಜಾನೆ ಕತ್ತಲಲ್ಲಿ ಒಬ್ಬಳೇ ಹುಡುಗಿ ರಸ್ತೆಗೆ ಬಂದರೆ ಚಹಾ ಅಂಗಡಿ ಮುಂದೆ ಕೂತವರು ಪೇಪರ್ ಓದುವುದು ಬಿಟ್ಟು ನೋಡುತ್ತಾರೆ. ಏಳನೇ ದಿನ ಒಬ್ಬ ಕಾಕಾ, "ಏನವ್ವ, ಯಾರಿಗಿ ಭೆಟ್ಟಿ ಆಗ್ಲಾಕ ಹೊಂಟೀದಿ?" ಎಂದು ಕೇಳಿದರು. ಅವರು ನಗೆಚಾಟಿಕೆಗೆ ಅಂದಿರಬಹುದು. ಆದರೆ ಆ ಮಾತು ನನಗಿಂತ ಮೊದಲು ಮನೆ ಮುಟ್ಟಿತ್ತು. ಅಪ್ಪ ಬೈಯಲಿಲ್ಲ. "ಅಂಗಳದಾಗೇ ನಡಿ" ಅಂದ. ನಮ್ಮ ಅಂಗಳ ಹದಿನಾಲ್ಕು ಹೆಜ್ಜೆ ಅದ. ಅದರಲ್ಲಿ ಅರ್ಧ ಎಮ್ಮೆಯ ಜಾಗ.

ಇಷ್ಟರಲ್ಲಿ ಓಣಿಯ ನನ್ನ ಗೆಳತಿ, ನಮ್ಮ ತರಗತಿಯವಳೇ, "ನಾ ಬಂದು ಕರೀತೀನಿ, ನೀ ಬಾ" ಅಂದಳು. ಆಕಿ ಅಮ್ಮಿ ಫಜರ್ ನಮಾಜಿಗೆ ಏಳುವಾಗ ಈಕಿನ್ನೂ ಎಬ್ಬಿಸುತ್ತಾರೆ. ಹೀಗಾಗಿ ಎಚ್ಚರದ ಚಿಂತೆ ಆಕಿಗೆ ಇರಲಿಲ್ಲ. ಆಕಿ ಹೇಳಿದ ಮೇಲೆ ಇನ್ನಿಬ್ಬರು ಸೇರಿದರು. ಒಬ್ಬಳು ನಮ್ಮಲ್ಲಿ ಎಲ್ಲರಿಗಿಂತ ಉದ್ದ, ಖೋಖೋದಲ್ಲಿ ಕಂಬದ ಹತ್ತಿರ ಯಾರಿಗೂ ಸಿಗದವಳು. ಇನ್ನೊಬ್ಬಳು ನಗಿಸುವವಳು. ಆಕಿ ಮನೆಯವರು ಮೊದಲು ಬ್ಯಾಡ ಅಂದರು, "ಮತ್ತ ಮೂವರು ಹೋಗ್ತಾರ" ಅಂದ ಮೇಲೆ ಹೂಂ ಅಂದರು. ನಮ್ಮ ಅಪ್ಪನೂ ನಾಲ್ಕು ಮಂದಿ ಅಂದ ಕೂಡಲೇ ಒಪ್ಪಿದ. ಚಹಾ ಅಂಗಡಿಯ ಕಾಕಾ ಈಗ ಕೇಳುವುದು ಬೇರೆ ಮಾತು, "ಇವತ್ತ್ ಎಷ್ಟ್ ಕಿಲೋಮೀಟರ್ ಆಯ್ತ್ ಬೇ?" ಒಬ್ಬಳಿದ್ದಾಗ ಯಾವ ರಸ್ತೆ ನನ್ನದಾಗಿರಲಿಲ್ಲವೋ ಅದೇ ರಸ್ತೆ ನಾಲ್ವರಿಗೆ ಬಿಟ್ಟುಕೊಟ್ಟಿತು.

ಸೆಪ್ಟೆಂಬರ್ ಮೊದಲ ವಾರದಿಂದ ಶುರು. ಐದೂವರೆಗೆ ಆಕಿ ನಮ್ಮ ಬಾಗಿಲು ಬಡಿಯುತ್ತಾಳೆ. ನಾವಿಬ್ಬರೂ ಉದ್ದನೆಯವಳ ಮನೆಗೆ, ಅಲ್ಲಿಂದ ಮೂವರೂ ನಾಲ್ಕನೆಯವಳ ಮನೆಗೆ. ಇದರಲ್ಲಿ ಒಂದು ಗುಟ್ಟು ಇದೆ. ಯಾರೂ ಒಬ್ಬರೇ ಹೊರಗೆ ಬರುವ ಹಾಗಿಲ್ಲ, ಯಾರೂ ಒಳಗೆ ಉಳಿಯುವ ಹಾಗೂ ಇಲ್ಲ. ಬಾಗಿಲ ಹೊರಗೆ ಒಬ್ಬಳು ಚಳಿಯಲ್ಲಿ ನಿಂತಿದ್ದಾಳೆ ಅಂದ್ರ ಹಾಸಿಗೆಯಲ್ಲಿ ಮಲಗಲಿಕ್ಕೆ ನಾಚಿಕೆ ಆಗುತ್ತದೆ. ನನ್ನ ಮನಸ್ಸು ಗಟ್ಟಿ ಆಯಿತು ಎಂದು ಯಾರಾದರೂ ಹೊಗಳಿದರೆ ನಂಬಬೇಡಿರಿ. ನನ್ನ ಮನಸ್ಸು ಜುಲೈದಲ್ಲಿ ಇದ್ದಂತೆಯೇ ಇದೆ, ಬಾಗಿಲು ಬಡಿಯುವ ಸಪ್ಪಳ ಒಂದು ಹೆಚ್ಚಾಗಿದೆ.

ಮುತ್ಯಾನಿಗೆ ಇದನ್ನು ಹೇಳಿದಾಗ ನಕ್ಕ. ಅವನ ಕಾಲಕ್ಕೆ ಹುಡುಗರು ತಾಲೀಮಿಗೆ ಹೋಗುತ್ತಿದ್ದರು. ಕೆಂಪು ಮಣ್ಣಿನ ಅಖಾಡ, ದಂಡ, ಬೈಠಕ್, ಆಮೇಲೆ ಜೋಡಿ ಹಿಡಿಯುವುದು. "ಜೋಡಿ ಬರಲಿಲ್ಲಂದ್ರ ಕುಸ್ತಿ ಯಾರ ಕೂಡ ಆಡ್ತಿ, ಗ್ವಾಡಿ ಕೂಡ? ಬರದವನ ಮನಿಗಿ ವಸ್ತಾದ ಹುಡುಗರ್ನ ಕಳಸ್ತಿದ್ದ" ಎಂದ. ಜಾತ್ರೆಯ ಕುಸ್ತಿಯಲ್ಲಿ ಗೆದ್ದವನ ಹೆಸರು ಎಲ್ಲರಿಗೂ ಗೊತ್ತು, ವರ್ಷವೆಲ್ಲಾ ಅವನ ಕೈಯಲ್ಲಿ ಬಿದ್ದು ಎದ್ದ ಜೋಡಿಯವನ ಹೆಸರು ಯಾರೂ ಕೇಳುವುದಿಲ್ಲ ಎಂದೂ ಹೇಳಿದ. ಬಹುಶಃ ಮುತ್ಯಾ ಆ ಜೋಡಿಯವನೇ ಇರಬೇಕು, ಕೇಳಲಿಲ್ಲ.

ವಿಜ್ಞಾನದ ಮೇಡಂ ಇದಕ್ಕೆ ಪುಸ್ತಕದ ಆಧಾರವೂ ಇದೆ ಎಂದರು. ಅವರು ಹೇಳಿದ್ದರಲ್ಲಿ ಮೂರು ವಿಷಯ ಬರೆದುಕೊಂಡಿದ್ದೇನೆ.

ಅಮೇರಿಕದಲ್ಲಿ ತೂಕ ಇಳಿಸುವ ತರಬೇತಿಗೆ ಬಂದವರನ್ನು ನೋಡಿ 1999ರಲ್ಲಿ ಒಂದು ವರದಿ ಪ್ರಕಟವಾಯಿತು. ಒಂಟಿಯಾಗಿ ಬಂದು ಸಾಮಾನ್ಯ ತರಬೇತಿ ಪಡೆದವರಲ್ಲಿ 100ಕ್ಕೆ 76 ಮಂದಿ ತರಬೇತಿ ಮುಗಿಸಿದರು. ಗೆಳೆಯರ ಸಂಗಡ ಬಂದು, ಒಬ್ಬರಿಗೊಬ್ಬರು ಹೇಗೆ ಆಸರೆಯಾಗಬೇಕು ಎಂಬುದನ್ನೂ ಕಲಿತವರಲ್ಲಿ 95 ಮಂದಿ ಮುಗಿಸಿದರು. ಇಳಿಸಿದ ತೂಕವನ್ನು ಮುಂದೆ ಆರು ತಿಂಗಳು ಪೂರ್ತಿ ಕಾಯ್ದುಕೊಂಡವರು ಮೊದಲನೆಯ ಗುಂಪಿನಲ್ಲಿ 24, ಎರಡನೆಯದರಲ್ಲಿ 66. ನಮಗೆ ತೂಕ ಇಳಿಸುವ ಗೊಡವೆ ಇಲ್ಲ, ನನಗಂತೂ ಏರಿಸಬೇಕಾಗಿತ್ತು. ಆದರೆ ಸಂಗಡ ಇದ್ದವರು ಕಡಿಮೆ ಬಿಡುತ್ತಾರೆ ಎಂಬ ಮಾತು ಎರಡಕ್ಕೂ ಒಂದೇ.

ಎರಡನೆಯದು ಜರ್ಮನಿಯ ಒಟ್ಟೋ ಕ್ಯೋಲರ್ ಎಂಬುವರು 1920ರ ದಶಕದಲ್ಲಿ ದೋಣಿ ಹುಟ್ಟು ಹಾಕುವ ಹುಡುಗರ ಮೇಲೆ ಮಾಡಿದ ಪರೀಕ್ಷೆ. ಒಬ್ಬರೇ ಭಾರ ಎತ್ತುವುದಕ್ಕಿಂತ ಜೋಡಿಯಾಗಿ ಎತ್ತಿದಾಗ, ಇಬ್ಬರಲ್ಲಿ ಶಕ್ತಿ ಕಡಿಮೆ ಇದ್ದವನು ತನ್ನ ಮಾಮೂಲಿಗಿಂತ ಹೆಚ್ಚು ಹೊತ್ತು ತಡೆದುಕೊಂಡ. ತಾನು ಬಿಟ್ಟರೆ ಜೋಡಿಯ ಆಟವೇ ಮುಗಿಯುತ್ತದೆ ಎಂದು ಅವನಿಗೆ ಗೊತ್ತು. ಆದರೆ ಇಬ್ಬರ ಶಕ್ತಿಯಲ್ಲಿ ಬಹಳ ಅಂತರ ಇದ್ದರೆ ಈ ಲಾಭ ಕಡಿಮೆ. ಇದು ನನಗೆ ತಕ್ಷಣ ತಿಳಿಯಿತು. ನಮ್ಮೂರ ಅಣ್ಣಂದಿರು ಪೊಲೀಸ್ ಮತ್ತು ಸೈನ್ಯದ ಭರ್ತಿಗೆಂದು ಅದೇ ರಸ್ತೆಯಲ್ಲಿ 1600 ಮೀಟರ್ ಓಟಕ್ಕೆ ತಯಾರಿ ಮಾಡುತ್ತಾರೆ. ಒಂದು ದಿನ ಅವರ ಬೆನ್ನು ಹತ್ತಿದೆವು. ಎರಡು ನಿಮಿಷದಲ್ಲಿ ಅವರು ಬೇವಿನ ಗಿಡದ ಆಚೆ, ನಾವು ಗಟಾರದ ಕಟ್ಟೆ ಮೇಲೆ. ಮರುದಿನ ಯಾರಿಗೂ ಏಳುವ ಮನಸ್ಸಿರಲಿಲ್ಲ.

ಮೂರನೆಯದು ಲಂಡನ್ನಿನದು, 2010ರಲ್ಲಿ ಪ್ರಕಟವಾದದ್ದು. 96 ಮಂದಿ ಒಂದೊಂದು ಹೊಸ ರೂಢಿ ಹಿಡಿದರು. ಅದು ತಾನಾಗಿಯೇ ನಡೆಯುವಷ್ಟು ರೂಢಿಯಾಗಲಿಕ್ಕೆ ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಎಂದೂ ಕಂಡುಬಂತು. ಈ ಕೊನೆಯ ಮಾತು ನನಗೆ ಎಲ್ಲಕ್ಕಿಂತ ಹಿಡಿಸಿತು. ಎಂಟು ದಿನಕ್ಕೆ ರೂಢಿ ಆಗಲಿಲ್ಲ ಎಂದು ನಾನು ಬಿಟ್ಟಿದ್ದೆನಲ್ಲ, ಎಂಟು ದಿನ ಅಂದ್ರ ಅದು ಇನ್ನೂ ಶುರುವಾತು. ಉದ್ದನೆಯವಳು ಗಣಿತದ ನೋಟಿನ ಕಡೇ ಪುಟದಲ್ಲಿ 66 ಚೌಕ ಗೀಚಿದಳು. ದಿನಾ ಒಂದಕ್ಕೆ ಗೀಟು. ಮಳೆ ಬಂದ ದಿನ ಸೊನ್ನೆ. ಸೊನ್ನೆ ಒಂಬತ್ತು ಬಂದವು.

ಈಗ ನನ್ನ ಗೆಳತಿಯರು ಮಾಡಿದ ಒಂದು ಕೆಲಸ ಬರೆಯಬೇಕು, ಇದನ್ನು ಬರೆಯಲಿಕ್ಕಾಗಿಯೇ ನಾನು ಪಿ.ಟಿ. ಸರ್‌ಗೆ ಹೂಂ ಅಂದದ್ದು. ನನಗೆ ಒಂದು ತಿಂಗಳು ಓಡುವ ಹಾಗಿರಲಿಲ್ಲ ಎಂದೆನಲ್ಲ. ಮೂವರಿಗೂ ಓಡಲಿಕ್ಕೆ ಬರುತ್ತಿತ್ತು, ಅದರಲ್ಲಿ ಉದ್ದನೆಯವಳು ತಾಲ್ಲೂಕು ಕ್ರೀಡಾಕೂಟಕ್ಕೆ ಹೋಗುವ ಆಸೆಯವಳು. ಆದರೂ ಆ ತಿಂಗಳು ಪೂರ್ತಿ ಮೂವರೂ ನನ್ನ ಸಂಗಡ ನಡೆದರು. ಮೊದಲ ಕಿಲೋಮೀಟರ್ ಕಲ್ಲಿನವರೆಗೆ ನಡೆಯುವುದು, ಕೂಡುವುದು, ತಿರುಗಿ ಬರುವುದು. "ನೀವು ಓಡ್ರಿ, ನಾ ಹಿಂದ ಬರ್ತೀನಿ" ಎಂದರೆ, ಬಾಗಿಲು ಬಡಿಯುವವಳು, "ಹಿಂದ ಬಂದ್ರ ನೀ ನಾಳಿ ಬರಲ್ಲ" ಅಂದಳು. ಅದು ನಿಜ ಎಂದು ಆಕಿಗೆ ಹೇಗೆ ಗೊತ್ತಾಯಿತೋ.

ಇನ್ನು ಊಟದ ವಿಷಯ. ಇಲ್ಲಿ ನಾವು ಎಲ್ಲರೂ ಒಂದೇ ತಪ್ಪು ಮಾಡುತ್ತೇವೆ. ಮುಂಜಾನೆ ಬಿಸಿ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತೇವೆ. ರುಚಿ ಅದ, ಇಲ್ಲ ಅನ್ನುವುದಿಲ್ಲ. ಆದರೆ ಚಹಾದ ಒಗರು ಇದೆಯಲ್ಲ, ಅದರಲ್ಲಿರುವ ಟ್ಯಾನಿನ್ ಎಂಬ ವಸ್ತು ರೊಟ್ಟಿಯ ಕಬ್ಬಿಣವನ್ನು ಹಿಡಿದುಕೊಂಡು ಶರೀರಕ್ಕೆ ಹತ್ತದಂತೆ ಮಾಡುತ್ತದೆ. ಚಹಾವನ್ನು ಊಟವಾಗಿ ಒಂದು ತಾಸಿನ ನಂತರ ಕುಡಿದರೆ ಈ ನಷ್ಟ ಕಡಿಮೆಯಾಗುತ್ತದೆ. ಇದಕ್ಕೆ ವಿರುದ್ಧವಾಗಿ ನಿಂಬೆಹುಳಿ ಕಬ್ಬಿಣವನ್ನು ಶರೀರ ಹೀರಿಕೊಳ್ಳಲಿಕ್ಕೆ ಸಹಾಯ ಮಾಡುತ್ತದೆ. ಬೇಳೆ, ಪಲ್ಯದ ಮೇಲೆ ಅರ್ಧ ನಿಂಬೆ ಹಿಂಡಿದರೆ ಸಾಕು.

ಇಷ್ಟಕ್ಕೂ ನಮ್ಮ ಮನೆಯ ಊಟ ಕೆಟ್ಟದ್ದಲ್ಲ. ನಮ್ಮ ಬೀದರಿಗೆ ಹತ್ತಿರದ ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಒಂದು ಸಣ್ಣ ಪ್ರಯೋಗಶಾಲೆಯಾಗಿ ಶುರುವಾಗಿ 1958ರಲ್ಲಿ ಹೈದರಾಬಾದಿಗೆ ಬಂತು. ಅವರು 2017ರಲ್ಲಿ ನಮ್ಮ ದೇಶದ ಆಹಾರಗಳನ್ನೆಲ್ಲಾ ಪರೀಕ್ಷೆ ಮಾಡಿ ಪಟ್ಟಿ ಪ್ರಕಟಿಸಿದ್ದಾರೆ. ಅದರ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ, ಸಜ್ಜೆಯಲ್ಲಿ 6ಕ್ಕಿಂತ ಹೆಚ್ಚು, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ಶೇಂಗಾದಲ್ಲಿ ಸುಮಾರು 24. ಇವೆಲ್ಲಾ ಹೊಲದಿಂದ ಮನೆಗೆ ಬರುವ ವಸ್ತುಗಳು. ಮನೆಗೆ ಬೀಗರು ಬಂದರೆ ಅನ್ನ ಮಾಡುತ್ತೇವೆ, ರೊಟ್ಟಿ ಹಾಕಿದರೆ ಬಡತನ ಅಂದುಕೊಳ್ಳುತ್ತೇವೆ. ವಿಶ್ವಸಂಸ್ಥೆಯವರು 2023ನ್ನು ಸಿರಿಧಾನ್ಯಗಳ ವರ್ಷ ಎಂದು ಆಚರಿಸಿದಾಗ ಆಯಿಗೆ ಹೇಳಿದೆ, ಅದರಲ್ಲಿ ಜೋಳ ಸಜ್ಜೆ ಎರಡೂ ಬರುತ್ತವೆ ಎಂದು. "ಅವರಿಗಿ ಈಗ ಗೊತ್ತಾಯ್ತೇನ್?" ಅಂದಳು.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಭಜ್ಜಿ ಉಣ್ಣುತ್ತೇವಲ್ಲ, ಹಸಿ ಕಡಲೆ, ಹಸಿ ತೊಗರಿ, ಬಟಾಣಿ, ಬದನಿಕಾಯಿ, ಗಜ್ಜರಿ, ಸೊಪ್ಪು ಎಲ್ಲಾ ಕೂಡಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಈ ವರ್ಷ ತಾಟು ಮುಂದೆ ಬಂದಾಗ ನಾನು ಸುಮ್ಮನೆ ಎಣಿಸಿದೆ, ಹನ್ನೊಂದು ನಮೂನೆ ಕಾಳು ಕಾಯಿಪಲ್ಯೆ ಇದ್ದವು. ಮೇಡಂ ಪಾಠದಲ್ಲಿ ಹೇಳಿದ ಸಮತೋಲನ ಆಹಾರ ಅದೇ. ವರ್ಷಕ್ಕೊಮ್ಮೆ ಮಾಡುತ್ತೇವೆ ಎಂಬುದೊಂದೇ ಕೊರತೆ.

ಊಟ ಬದಲಿಸುವುದು ಓಟಕ್ಕಿಂತ ಕಷ್ಟ. ಓಡುವಾಗ ಗೆಳತಿಯರು ಎಳೆಯುತ್ತಾರೆ, ತಿನ್ನುವಾಗ ಅದೇ ಗೆಳತಿಯರು ಕೆಡಿಸುತ್ತಾರೆ! ಬಿಡುವಿನಲ್ಲಿ ಒಬ್ಬಳು 5 ರೂಪಾಯಿಯ ಪ್ಯಾಕೆಟ್ ಒಡೆದರೆ ನಾಲ್ಕು ಕೈ ಒಳಗೆ ಹೋಗುತ್ತವೆ. ಮರುದಿನ ಇನ್ನೊಬ್ಬಳ ಪಾಳಿ. ಕೊಡಲಿಲ್ಲ ಅಂದ್ರ ಕಂಜೂಸ್, ತಿನ್ನಲಿಲ್ಲ ಅಂದ್ರ ಸೊಕ್ಕು. ಒಬ್ಬಳೇ ಬಿಡಲಿಕ್ಕೆ ಸಾಧ್ಯವೇ ಇಲ್ಲ, ಬಿಟ್ಟರೆ ನಾಲ್ವರೂ ಬಿಡಬೇಕು. ಲೆಕ್ಕ ಹಾಕಿದೆವು. ನಾಲ್ಕು ಮಂದಿ, ದಿನಕ್ಕೆ 5 ರೂಪಾಯಿ, ವಾರಕ್ಕೆ 6 ದಿನ, ಒಟ್ಟು 120 ರೂಪಾಯಿ. ಆ ರೊಕ್ಕ ಒಂದು ಡಬ್ಬಿಗೆ ಹಾಕಿ ವಾರದ ಸಂತೆಯಲ್ಲಿ ಶೇಂಗಾ, ಪುಟಾಣಿ, ಬೆಲ್ಲ, ಬಾಳೆಹಣ್ಣು ತರುತ್ತೇವೆ. ಹೆಸರುಕಾಳು ಮನೆಯಿಂದ ತಂದು ಮೊಳಕೆ ಬರಿಸುತ್ತೇವೆ, ಮೊಳಕೆ ಬಂದಾಗ ಅದರಲ್ಲಿ ಸಿ ಜೀವಸತ್ವ ಹೆಚ್ಚುತ್ತದೆ. ಶನಿವಾರ ಒಂದು ದಿನ ಪ್ಯಾಕೆಟ್‌ಗೆ ಬಿಡುವು. ಪೂರ್ತಿ ಬಿಟ್ಟಿದ್ದೇವೆ ಎಂದು ಬರೆದರೆ ಅಂಗಡಿಯ ಕಾಕಾ ಇದನ್ನು ಓದಿ ನಗುತ್ತಾರೆ.

ಶಾಲೆಯ ತತ್ತಿಯ ಬಗ್ಗೆ ಒಂದು ಮಾತು. ಬಿಸಿಯೂಟದ ಸಂಗಡ ತತ್ತಿ ಅಥವಾ ಬಾಳೆಹಣ್ಣು ಕೊಡುವುದು 2021ರ ಡಿಸೆಂಬರದಲ್ಲಿ ನಮ್ಮ ಭಾಗದ ಜಿಲ್ಲೆಗಳಲ್ಲಿಯೇ ಮೊದಲು ಶುರುವಾಗಿದ್ದು, ಅಪೌಷ್ಟಿಕತೆ ಇಲ್ಲಿ ಹೆಚ್ಚು ಎಂಬ ಕಾರಣಕ್ಕೆ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ತಿನ್ನುವವರು ತಿನ್ನಿರಿ, ಬಾಳೆಹಣ್ಣು ತಿನ್ನುವವರಿಗೆ ಆಡಿಕೊಳ್ಳಬೇಡಿರಿ. ನಮ್ಮ ನಾಲ್ವರಲ್ಲಿ ಇಬ್ಬರು ತತ್ತಿ, ಇಬ್ಬರು ಬಾಳೆಹಣ್ಣು. ಹಾಗೆಯೇ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯನ್ನು ಕಿಟಕಿಯ ಹೊರಗೆ ಒಗೆಯುವವರು ಯಾರೆಂದು ನನಗೆ ಗೊತ್ತು, ಯಾಕಂದ್ರ ಹೋದ ವರ್ಷ ನಾನೂ ಒಗೆದಿದ್ದೇನೆ. ಅದು ಕಬ್ಬಿಣದ ಗುಳಿಗೆಯೇ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಓಕರಿಕೆ ಬರುತ್ತದೆ, ಊಟದ ನಂತರ ನುಂಗಿರಿ.

ನಮ್ಮ ನಡುವೆ ಜಗಳ ಆಗಲಿಲ್ಲವೇ ಎಂದು ಕೇಳಬಹುದು. ಆಯಿತು, ತಪ್ಪು ನನ್ನದೇ. ನವೆಂಬರದಲ್ಲಿ ನಾನು ಓಡಲಿಕ್ಕೆ ಕಲಿತ ಸೊಕ್ಕಿನಲ್ಲಿ, ನಗಿಸುವ ಗೆಳತಿ ಹಿಂದೆ ಉಳಿದಾಗ ಆಕಿಯ ಮೈ ನೋಡಿ ಒಂದು ಮಾತು ಅಂದೆ. ಆ ಮಾತು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ನಕ್ಕರು, ಆಕಿಯೂ ನಕ್ಕಳು. ಮರುದಿನದಿಂದ ಆಕಿ ಹೊಟ್ಟೆನೋವು ಅಂದಳು, ಆಮೇಲೆ ಹೋಂವರ್ಕ್ ಅಂದಳು. ಐದು ದಿನ ಬರಲಿಲ್ಲ. ಎಲ್ಲರನ್ನೂ ನಗಿಸುವವಳಿಗೆ ನೋವಾಗುವುದಿಲ್ಲ ಎಂದು ನಾನು ತಿಳಿದಿದ್ದೆ. ಆರನೇ ದಿನ ನಾನೊಬ್ಬಳೇ ಹೋಗಿ ಬಾಗಿಲು ಬಡಿದೆ. ಆಕಿ ಅವ್ವ ತೆರೆದರು. ಒಳಗಿಂದ, "ನಾ ಬರಲ್ಲ ಹೋಗು" ಎಂದು ಧ್ವನಿ ಬಂತು. ನಾನು ಕಟ್ಟೆ ಮೇಲೆ ಕೂತೆ. ಬೆಳಕಾಗುವವರೆಗೆ ಕೂತೆ. ತಪ್ಪಾಯಿತು ಎಂದು ಜೋರಾಗಿ ಹೇಳಲಿಕ್ಕೆ ನಾಚಿಕೆ, ಆದರೂ ಹೇಳಿದೆ, ಓಣಿಯ ಜನ ಕೇಳಿದರು. ಮರುದಿನ ಆಕಿ ಬಂದಳು. ಅಂದಿನಿಂದ ಒಂದು ನಿಯಮ ಇದೆ. ಯಾರ ಮೈ, ಬಣ್ಣ, ತೂಕದ ಮಾತಿಲ್ಲ. ಎಷ್ಟು ದಿನ ಬಂದಿ, ಎಷ್ಟು ದೂರ ಹೋದಿ, ಅಷ್ಟೇ ಮಾತು. ಮತ್ತು ಓಡುವಾಗ ಎಲ್ಲರಿಗಿಂತ ಹಿಂದೆ ಇರುವವಳೇ ವೇಗ ಹೇಳುವವಳು.

ರಂಜಾನ್ ತಿಂಗಳಲ್ಲಿ ಬಾಗಿಲು ಬಡಿಯುವವಳಿಗೆ ರೋಜಾ. ದಿನವೆಲ್ಲಾ ನೀರೂ ಕುಡಿಯುವ ಹಾಗಿಲ್ಲ, ಮುಂಜಾನೆ ಓಡಿದರೆ ಮಧ್ಯಾಹ್ನದೊಳಗೆ ಬಾಯಿ ಒಣಗುತ್ತದೆ. ಆ ತಿಂಗಳು ಮುಂಜಾನೆಯ ಓಟ ನಿಲ್ಲಿಸಿ, ಸಂಜೆ ಇಫ್ತಾರಿಗೆ ಮೊದಲು ನಾಲ್ವರೂ ನಿಧಾನವಾಗಿ ನಡೆದೆವು, ಮೊದಲ ಕಿಲೋಮೀಟರ್ ಕಲ್ಲಿನವರೆಗೆ, ಹಿಂದಕ್ಕೆ.

ಹುಡುಗರಿಗೆ ಇದೆಲ್ಲಾ ಬೇಕಿಲ್ಲ ಎಂದು ತಿಳಿಯಬೇಡಿರಿ. 5ರಿಂದ 17 ವರ್ಷದವರಿಗೆ ದಿನಕ್ಕೆ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಮ್ಮೆಲೇ ಮಾಡಬೇಕೆಂದಿಲ್ಲ. ಖೋಖೋ, ಕಬಡ್ಡಿ, ಹೊಲಕ್ಕೆ ಜೋರಾಗಿ ನಡೆದು ಹೋಗುವುದು, ಎಲ್ಲಾ ಕೂಡಿಸಬಹುದು. ಮೊಬೈಲಿನಲ್ಲಿ ಕ್ರಿಕೆಟ್ ಆಡುವುದು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಮತ್ತು ಯಾರಿಗಾದರೂ ನನ್ನ ಹಾಗೆ ತಲೆ ತಿರುಗುತ್ತಿದ್ದರೆ ಮೊದಲು ಆಸ್ಪತ್ರೆಯಲ್ಲಿ ರಕ್ತ ತೋರಿಸಿ, ಆಮೇಲೆ ಓಡಿರಿ.

ನನ್ನ ಚೀಟಿಯಲ್ಲಿ ಈಗ 11.7 ಎಂದಿದೆ. ಗುಳಿಗೆಯಿಂದ ಏರಿತೋ ಊಟದಿಂದ ಏರಿತೋ ಎಂದು ಸಿಸ್ಟರ್‌ಗೆ ಕೇಳಿದೆ, "ಗುಳಿಗಿ ದಿನಾ ನುಂಗಿದ್ದಕ್ಕ" ಎಂದರು. ದಿನಾ ನುಂಗಿದೆಯೋ ಇಲ್ಲವೋ ಎಂದು ಮುಂಜಾನೆ ಕೇಳುವವರು ಮೂವರಿದ್ದರು ಎಂಬುದನ್ನು ಅವರಿಗೆ ಹೇಳಲಿಲ್ಲ. ಇನ್ನೂ 12 ಆಗಿಲ್ಲ. ಎರಡನೇ ಕಿಲೋಮೀಟರ್ ಕಲ್ಲಿನವರೆಗೆ ನಿಲ್ಲದೆ ಓಡುತ್ತೇನೆ.

ಉದ್ದನೆಯವಳ ಅಪ್ಪನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿದೆ, ಪರೀಕ್ಷೆ ಮುಗಿದ ಮೇಲೆ ಅವರ ಮನೆಯವರೆಲ್ಲಾ ಹೋಗುತ್ತಾರೆ. ಹೋಗುವ ಮೊದಲು ಚೌಕ ಗೀಚಿದ ಆ ನೋಟು ನನಗೆ ಕೊಡುತ್ತೇನೆ ಅಂದಿದ್ದಾಳೆ. ಅಲ್ಲಿ ಯಾರು ಕರೆಯಲಿಕ್ಕೆ ಬರುತ್ತಾರೆ ಎಂದು ಕೇಳಿದ್ದಕ್ಕೆ, "ನಾನೇ ಯಾರದರ ಬಾಗಿಲಾ ಬಡೀತೀನಿ" ಅಂದಳು. ಇಲ್ಲಿ ನಮಗೆ ಒಂದು ಜಾಗ ಖಾಲಿ ಆಗುತ್ತದೆ. ಎಂಟನೇ, ಒಂಬತ್ತನೇ ತರಗತಿಯ ಯಾರಾದರೂ ಬರುವವರಿದ್ದರೆ ಮನೆಯಲ್ಲಿ ಕೇಳಿ ಹೆಸರು ಕೊಡಿರಿ. ಬೂಟು ಇರಲೇಬೇಕೆಂದಿಲ್ಲ, ನಾನು ಮೊದಲ ಎರಡು ತಿಂಗಳು ಚಪ್ಪಲಿಯಲ್ಲಿಯೇ ನಡೆದೆ. ಓಡಲಿಕ್ಕೆ ಬರದಿದ್ದರೂ ನಡೆಯುತ್ತದೆ. ನಿಮ್ಮ ಮನೆ ಯಾವ ಓಣಿಯಲ್ಲಿದೆ ಎಂದು ಮಾತ್ರ ಸರಿಯಾಗಿ ಹೇಳಿರಿ, ಕತ್ತಲಲ್ಲಿ ಬೇರೆಯವರ ಬಾಗಿಲು ಬಡಿದು ಒಮ್ಮೆ ಬೈಸಿಕೊಂಡಿದ್ದೇವೆ.

ಒಂಬತ್ತನೇ ತರಗತಿ, 'ಬ' ವಿಭಾಗದ ವಿದ್ಯಾರ್ಥಿನಿ